ಹೌದು ಎಂದಾದರೆ ಒಂದು ಒತ್ತಿ

ಮನುಷ್ಯರು ಮರೆಯುತ್ತಾರೆ; ಯಂತ್ರ ಮರೆಯುವುದಿಲ್ಲ. ಈ ಸರಳ ಸತ್ಯದಲ್ಲಿ ನನಗೆ ಅಚಲವಾದ ನಂಬಿಕೆ ಇತ್ತು. ‘ಇತ್ತು’ ಎಂದಿರುವುದನ್ನು ದಯವಿಟ್ಟು ಗಮನಿಸಿ.

ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ರೋಗಿಗಳ ಮುಖ ನೋಡದೆ ಅವರ ಅಂಕಿಅಂಶಗಳನ್ನಷ್ಟೇ ನೋಡುವ ವಿಭಾಗದಲ್ಲಿ, ಕಂಪ್ಯೂಟರಿನ ಹಿಂದೆ ಸುಖವಾಗಿ ಅಡಗಿ ಕುಳಿತಿದ್ದೇನೆ. ಅಪರಿಚಿತರ ಜೊತೆ ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಸಂಕಟ. ಪರಿಚಿತರ ಜೊತೆಗೂ ಅಂಥ ಸುಖವೇನಿಲ್ಲ.

ನಮ್ಮ ಆಸ್ಪತ್ರೆಗೆ ಒಂದು ತಲೆನೋವಿತ್ತು. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ ಒಂದಿದೆ. ಅದಕ್ಕೆ ಮೊದಲು ಹೊಟ್ಟೆ ಪೂರ್ತಿ ಖಾಲಿಯಾಗಿ, ತೊಳೆದಿಟ್ಟ ತಾಟಿನಂತೆ ಸ್ವಚ್ಛವಾಗಿರಬೇಕು. ಏನು ತಿನ್ನಬೇಕು, ಏನು ಬಿಡಬೇಕು, ಭೇದಿಯ ಔಷಧ ಯಾವಾಗ ಕುಡಿಯಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡುತ್ತಿದ್ದರು. ಜನ ಆ ಹಾಳೆಯನ್ನು ಭಕ್ತಿಯಿಂದ ಮಡಚಿ ಕಿಸೆಯಲ್ಲಿಟ್ಟುಕೊಂಡು, ಪರೀಕ್ಷೆಯ ದಿನ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದರು.

“ಏನೂ ತಿಂದಿಲ್ಲರೀ ಮೇಡಂ. ಬರೇ ಉಪ್ಪಿಟ್ಟ.”

ಉಪ್ಪಿಟ್ಟು ನಮ್ಮ ಜಿಲ್ಲೆಯಲ್ಲಿ ಆಹಾರದ ಲೆಕ್ಕಕ್ಕೆ ಬರುವುದಿಲ್ಲ!

ಹೀಗಾಗಿ ನೆನಪೋಲೆಗಳ ವ್ಯವಸ್ಥೆಯೊಂದನ್ನು ರೂಪಿಸುವ ಹೊಣೆ ನನ್ನ ಮೇಲೆ ಬಿತ್ತು. ಪರೀಕ್ಷೆಗೆ ಕೆಲವು ದಿನ ಮೊದಲಿನಿಂದಲೇ ರೋಗಿಯ ಫೋನಿಗೆ ತಾನಾಗಿಯೇ ಮೆಸೇಜು ಹೋಗಬೇಕು. ಇವತ್ತು ಸೊಪ್ಪು ಬೇಡ. ನಾಳೆ ಗಟ್ಟಿ ಪದಾರ್ಥ ಬೇಡ. ಈಗ ಔಷಧ ಕುಡಿಯಿರಿ. ಕುಡಿದಿರಾ? ಹೌದು ಎಂದಾದರೆ ಒಂದು ಒತ್ತಿ, ಇಲ್ಲ ಎಂದಾದರೆ ಎರಡು ಒತ್ತಿ. ಒಂದೊಂದು ವಾಕ್ಯವನ್ನೂ ನಾನು ಶಾಸನ ಕೆತ್ತುವವರಂತೆ ಕೆತ್ತಿದೆ. ಮಲದ ಬಣ್ಣವನ್ನು ವಿಚಾರಿಸುವ ಮೆಸೇಜಿಗೆ ಒಂದು ಇಡೀ ದಿನ ತೆಗೆದುಕೊಂಡೆ. ಇಂಥ ಪ್ರಶ್ನೆಯನ್ನು ಯಾರ ಎದುರಿಗೂ ನಿಂತು ಕೇಳಬೇಕಾಗಿಲ್ಲ ಎಂಬುದೇ ನನಗೆ ಈ ವ್ಯವಸ್ಥೆಯ ಪರಮ ಸೌಂದರ್ಯವಾಗಿ ಕಂಡಿತು.

ಮೆಸೇಜು ಶುರುವಾದ ವಾರ, ಕುತೂಹಲ ತಡೆಯಲಾರದೆ, ಪರೀಕ್ಷೆಯ ಕೋಣೆಯ ಹೊರಗೆ ಹೋಗಿ ಒಂದು ಕಂಬದ ಮರೆಯಲ್ಲಿ ನಿಂತೆ. ಬೀಡಿ ಊರಿನ ರೈತರೊಬ್ಬರು ಬೆಂಚಿನ ಮೇಲೆ ಕುಳಿತಿದ್ದರು. ಮುಖ ಬಾಡಿತ್ತು, ಫೋನು ಕೈಯಲ್ಲಿತ್ತು. ನರ್ಸ್ ಬಂದು, “ಏನರ ತಿಂದೀರೇನ್ರೀ?” ಎಂದು ಕೇಳಿದಳು.

“ಹೆಂಗ ತಿನ್ನೂದ್ರೀ?” ಅವರು ಫೋನನ್ನು ಎತ್ತಿ ತೋರಿಸಿದರು. “ಇದು ಬಿಡವಲ್ದು. ರೊಟ್ಟಿ ಮುರದ ಬಾಯಾಗ ಇಡಬೇಕು ಅನ್ನೂದರಾಗ ಬ್ಯಾಡ ಅಂತ ಬಂತು. ಹಂಗ ಕೆಳಗ ಇಟ್ಟೆ.”

ನನಗೆ ಮೈ ಜುಮ್ಮೆಂದಿತು. ಇಲ್ಲಿ ನಾನು ಫ್ಯಾನಿನ ಕೆಳಗೆ ಕುಳಿತು ಒಂದು ಸಾಲು ಬರೆದರೆ, ಅಲ್ಲಿ ಬೀಡಿಯಲ್ಲಿ ಒಬ್ಬ ಮನುಷ್ಯ ಬಾಯಿಯ ಹತ್ತಿರ ಬಂದ ರೊಟ್ಟಿಯನ್ನು ಕೆಳಗಿಡುತ್ತಾನೆ! ಆ ಹೊತ್ತಿಗೆ ನಾನು ದೇವರಿಗಿಂತ ಬಹಳವೇನೂ ಕೆಳಗಿರಲಿಲ್ಲ.

ಅಷ್ಟರಲ್ಲಿ ನಮ್ಮ ಆಯಿಯ ಸರದಿ ಬಂತು.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಖಾನಾಪುರದಲ್ಲಿ ಅಪ್ಪ ಅವ್ವನ ಜೊತೆ ಇದ್ದಾಳೆ. ನಾನು ಮಾತ್ರ ನೌಕರಿಗಾಗಿ ಬೆಳಗಾವಿಯ ಹಿಂದವಾಡಿಯಲ್ಲಿ ಮಾಳಿಗೆಯ ಮೇಲೊಂದು ಬಾಡಿಗೆ ಮನೆ ಹಿಡಿದಿದ್ದೇನೆ. ಆಯಿಗೆ ಕೆಲವು ತಿಂಗಳಿಂದ ದಣಿವು. ದಿನವೂ ಹೋಗುವ ಬಸದಿಯ ಮೆಟ್ಟಿಲ ಮೇಲೆ ಈಗ ನಡುನಡುವೆ ಕುಳಿತುಕೊಳ್ಳುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ರಕ್ತ ಬಹಳ ಕಡಿಮೆ. ಒಳಗೆ ಎಲ್ಲೋ ಸೋರುತ್ತಿದೆ, ಕ್ಯಾಮೆರಾ ಇಳಿಸಿ ನೋಡಲೇಬೇಕು ಎಂದರು ಡಾಕ್ಟರ್.

ನನ್ನ ಮೆಸೇಜುಗಳು ಹುಟ್ಟುವ ಮೊದಲೇ ಒಮ್ಮೆ ಅವಳನ್ನು ಕರೆತಂದಿದ್ದರು. ಹಾಳೆಯನ್ನು ಯಾರೂ ಓದಿರಲಿಲ್ಲ. ಮುದುಕಿ ಹಸಿದುಕೊಂಡು ಹೋಗಬಾರದೆಂದು ಅವ್ವ ಬೆಳಿಗ್ಗೆ ಒಗ್ಗರಣೆ ಅವಲಕ್ಕಿ ತಿನ್ನಿಸಿ ಕಳಿಸಿದ್ದಳು. ಪರೀಕ್ಷೆ ಆಗದೆ ವಾಪಸ್ಸಾದರು. ಆಯಿ ಅಂದೇ ತೀರ್ಮಾನ ಹೇಳಿಬಿಟ್ಟಿದ್ದಳು.

“ಇನ್ನೊಮ್ಮಿ ಬರತೇನಿ. ಒಮ್ಮೆ ಅಷ್ಟ. ಆಗಲೂ ಆಗಲಿಲ್ಲಂದ್ರ ನನ್ನ ನನ್ನ ಪಾಡಿಗೆ ಬಿಟ್ಟಬಿಡ್ರಿ.”

ಆಯಿ ಒಮ್ಮೆ ಹೇಳಿದ ಮಾತನ್ನು ಬದಲಿಸಿದ ಉದಾಹರಣೆ ನಮ್ಮ ಮನೆತನದಲ್ಲಿ ದಾಖಲಾಗಿಲ್ಲ. ಅಂದರೆ ಉಳಿದಿದ್ದು ಒಂದೇ ಅವಕಾಶ.

“ಯಾರೂ ಏನೂ ಚಿಂತಿ ಮಾಡಬ್ಯಾಡ್ರಿ,” ಎಂದೆ ನಾನು, ನನಗೇ ಹೊಸತಾದ ಒಂದು ಗಂಭೀರ ದನಿಯಲ್ಲಿ. “ಈ ಸಲ ಎಲ್ಲಾ ಮೆಸೇಜ ಹೇಳತೈತಿ. ಹೇಳಿದಂಗ ಮಾಡ್ರಿ, ಸಾಕು.”

ಆಯಿಯ ಹತ್ತಿರ ಫೋನಿಲ್ಲ. ಆದ್ದರಿಂದ ಅಪ್ಪನ ನಂಬರು ಕೊಟ್ಟೆ. ಇದು ನನ್ನ ಮೊದಲನೆಯ ತಪ್ಪು.

ಅಪ್ಪನದು ಖಾನಾಪುರದ ಪೇಟೆಯಲ್ಲಿ ಭಾಂಡೆ ಅಂಗಡಿ. ಹಂಡೆ, ಕೊಡ, ತಾಟು, ಲೋಟಗಳ ನಡುವೆ ಅವನ ಎರಡೂ ಕೈ ಯಾವಾಗಲೂ ಕೆಲಸದಲ್ಲಿರುತ್ತವೆ. ಕನ್ನಡಕ ಹಾಕಿಕೊಂಡು ಫೋನು ನೋಡಲು ಪುರುಸೊತ್ತು ಇಲ್ಲವೆಂದು, ಬಂದ ಮೆಸೇಜನ್ನೆಲ್ಲ ಫೋನೇ ಗಟ್ಟಿಯಾಗಿ ಓದಿ ಹೇಳುವಂತೆ ಮಾಡಿಸಿಕೊಂಡಿದ್ದ. ಹಾಗೆ ಮಾಡಿಕೊಟ್ಟವಳು ಯಾರೆಂದು ಕೇಳುತ್ತೀರಾ? ಅವನ ಸುಶಿಕ್ಷಿತ ಮಗಳು.

ಪರೀಕ್ಷೆಯ ಹಿಂದಿನ ಭಾನುವಾರ ನಾನು ಅಂಗಡಿಯಲ್ಲೇ ಇದ್ದೆ. ಗುಂಜಿಯಿಂದ ಮದುವೆ ಮನೆಯವರು ಬಂದು ಹಂಡೆ ಆರಿಸುತ್ತಿದ್ದರು. ಆಯಿ ತನ್ನ ಎಂದಿನ ಕುರ್ಚಿಯಲ್ಲಿ ಕುಳಿತು, ಯಾವ ಹಂಡೆ ತೆಳು, ಯಾವುದು ದಪ್ಪ ಎಂದು ಗಿರಾಕಿಗಳಿಗೇ ನಿಜ ಹೇಳಿ ಅಪ್ಪನಿಗೆ ಸಂಕಟ ತರುತ್ತಿದ್ದಳು. ಆಗ ಅಪ್ಪನ ಫೋನು ಮಾತಾಡಿತು. ವಾರ್ತೆ ಓದುವವರ ಗತ್ತು, ಹೆಣ್ಣಿನ ದನಿ.

“ನಮಸ್ಕಾರ. ಇಂದಿನಿಂದ ಸೊಪ್ಪು ಮತ್ತು ಬೀಜವಿರುವ ತರಕಾರಿ ತಿನ್ನಬೇಡಿ. ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ ತಿನ್ನಬಹುದು.”

ಗುಂಜಿಯ ವರನ ತಾಯಿ ಹಂಡೆಯಿಂದ ತಲೆ ಎತ್ತಿ, “ಕೋಣ ಬೋಲತೇಯ?” ಎಂದು ಮರಾಠಿಯಲ್ಲಿ ಕೇಳಿದಳು. ಯಾರು ಮಾತಾಡಿದ್ದು ಎಂದು ಹಂಡೆಯೊಳಗೆ ಬಗ್ಗಿಯೂ ನೋಡಿದಳು.

“ನಮ್ಮ ಅವ್ವನ ದವಾಖಾನಿದ್ರೀ,” ಎಂದ ಅಪ್ಪ.

ಆಯಿ ಮಾತ್ರ ನನ್ನ ಕಡೆ ತಿರುಗಿ, “ತಂಗೀ, ಈಕಿ ನಮಗ ಬಟಾಟಿ ತಿನ್ನು ಅನ್ನಾಕತ್ತಾಳಲ್ಲ?” ಎಂದಳು.

ನಾವು ಜೈನರು. ಆಯಿಯ ಒಲೆಯ ಮೇಲೆ ಇಂದಿನವರೆಗೆ ನೆಲದೊಳಗೆ ಬೆಳೆದ ಗೆಡ್ಡೆ ಯಾವುದೂ ಏರಿಲ್ಲ. ಆ ಒಲೆಯ ಅಡಿಗೆ ಉಂಡೇ ನಾನು ಬೆಳೆದದ್ದು. ಆಲೂಗಡ್ಡೆಯ ಸಾಲು ಬರೆದವಳೂ ನಾನೇ. ಆದರೆ ಬರೆಯುವಾಗ ನಾನು ಯಾವ ಮನೆಯವಳೂ ಆಗಿರಲಿಲ್ಲ, ಬರೀ ಎಂ.ಎಸ್ಸಿ. ಆಗಿದ್ದೆ.

“ಅದು ಎಲ್ಲಾರಿಗೂ ಬರೂ ಮೆಸೇಜ ಆಯಿ. ತಿನ್ನಲೇಬೇಕಂತ ಏನಿಲ್ಲ.”

“ಮತ್ತ ಹೇಳೂದ್ಯಾಕ?”

ಉತ್ತರಿಸುವಷ್ಟರಲ್ಲಿ ಫೋನು ಮತ್ತೆ ಗಂಟಲು ಸರಿಮಾಡಿಕೊಂಡಿತು.

“ನಿಮ್ಮ ಸುರಕ್ಷತೆಗಾಗಿ ಒಂದು ಪ್ರಶ್ನೆ. ನೀವು ಗರ್ಭಿಣಿಯೇ? ಹೌದು ಎಂದಾದರೆ ಒಂದು ಒತ್ತಿ. ಇಲ್ಲ ಎಂದಾದರೆ ಎರಡು ಒತ್ತಿ.”

ಇಲ್ಲಿ ನಮ್ಮ ಅಂಗಡಿಯ ಒಂದು ನಿಯಮವನ್ನು ಹೇಳಲೇಬೇಕು. ಅಜ್ಜನ ಕಾಲದಿಂದಲೂ ಗಲ್ಲೆಯ ಮೇಲೆ ಕುಳಿತವನ ಬಾಯಿಂದ ‘ಇಲ್ಲ’ ಎಂಬ ಶಬ್ದ ಬರಬಾರದು. ಲಕ್ಷ್ಮಿ ಸಿಟ್ಟಾಗುತ್ತಾಳೆ. ಕೇಳಿದ ಹಂಡೆ ಇಲ್ಲದಿದ್ದರೆ “ಬರಾಕತ್ತೈತಿ” ಎನ್ನಬೇಕು. ಎಂದೂ ಬರುವ ಸಂಭವ ಇಲ್ಲದಿದ್ದರೆ “ನೋಡೂಣಂತ” ಎನ್ನಬೇಕು. ಅಪ್ಪ ಇಡೀ ಜನ್ಮ ಈ ನಿಯಮದಂತೆ ನಡೆದವನು. ಅವನ ಎದುರಿಗೆ ಈಗ ಒಂದು ಫೋನು ನಿಂತು, ಹೌದೋ ಇಲ್ಲವೋ ಎಂದು ಕೇಳುತ್ತಿದೆ. ಪ್ರಶ್ನೆ ಏನೆಂದು ಅವನು ಕೇಳಿಸಿಕೊಂಡನೋ ಇಲ್ಲವೋ, ಆ ಮಾತು ಬೇರೆ.

“ಅಪ್ಪಾ, ಒಂದ ಒತ್ತಬ್ಯಾಡ!” ಎಂದು ಕೂಗುತ್ತ ನಾನು ಅಡ್ಡ ಇದ್ದ ತಾಟುಗಳ ರಾಶಿಯನ್ನು ದಾಟಲು ಹೋದೆ. ತಾಟುಗಳು ನನ್ನನ್ನು ದಾಟಲು ಬಿಡಲಿಲ್ಲ. ಸ್ಟೀಲು ತಾಟುಗಳು ಪೇಟೆಯ ಉದ್ದಕ್ಕೂ ಉರುಳುವಾಗ ಎಂಥ ಶಬ್ದ ಮಾಡುತ್ತವೆಂದು ಅಂದು ಖಾನಾಪುರಕ್ಕೆ ತಿಳಿಯಿತು. ಆ ಶಬ್ದಕ್ಕೆ ಅಕ್ಕಪಕ್ಕದ ಅಂಗಡಿಯವರೆಲ್ಲ ಓಡಿ ಬಂದು ಬಾಗಿಲಲ್ಲಿ ನೆರೆದರು. ಎಲ್ಲರೂ ಸರಿಯಾಗಿ ನೆರೆದ ಮೇಲೆ ಫೋನು ಘೋಷಿಸಿತು.

“ಅಭಿನಂದನೆಗಳು! ನೀವು ಗರ್ಭಿಣಿಯಾಗಿರುವುದರಿಂದ ನಿಮ್ಮ ಪರೀಕ್ಷೆಯನ್ನು ತಡೆಹಿಡಿಯಲಾಗಿದೆ. ನಿಮ್ಮ ಹೆಸರನ್ನು ಹೆರಿಗೆ ವಿಭಾಗಕ್ಕೆ ಕಳುಹಿಸಲಾಗಿದೆ.”

“ಯಾರಿಗಂತ?” ಎಂದಳು ಆಯಿ.

ಅಪ್ಪ ಗಲ್ಲೆಯ ಮೇಲೆ ಕುಳಿತು ‘ಯಾರಿಗೂ ಇಲ್ಲ’ ಎನ್ನುವಂತಿರಲಿಲ್ಲ. “ನಿನಗ,” ಎಂದ.

ಆಯಿ ಒಂದು ಗಳಿಗೆ ಫೋನನ್ನು ನೋಡಿದಳು. ಆಮೇಲೆ ನಗತೊಡಗಿದಳು. ಸೆರಗನ್ನು ಬಾಯಿಗಿಟ್ಟುಕೊಂಡು, ಕುರ್ಚಿಯ ಕೈ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಗುಂಜಿಯವರು ನಕ್ಕರು. ಬಾಗಿಲಲ್ಲಿದ್ದವರು ನಕ್ಕರು. ನಗು ನಿಂತ ಮೇಲೂ ಆಯಿಯ ಏದುಸಿರು ಮಾತ್ರ ನಿಲ್ಲಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು, ಬಾಯಿ ತೆರೆದು ಉಸಿರೆಳೆಯುತ್ತ ಹಿಂದಕ್ಕೆ ಒರಗಿದಳು. ತುಟಿ ಬಿಳಿಚಿಕೊಂಡಿತ್ತು. ಬರೇ ನಕ್ಕದ್ದಕ್ಕೇ ಇಷ್ಟು ದಣಿವು. ಅಪ್ಪ ತಾಟು ಆರಿಸುವುದನ್ನು ಬಿಟ್ಟು ಅವಳ ಕಾಲ ಹತ್ತಿರ ಕುಳಿತ.

“ಶ್ರುತಿ, ಇದಿಷ್ಟು ಸರಿ ಮಾಡವಾ,” ಎಂದ. ಅಪ್ಪ ನನ್ನ ಹತ್ತಿರ ಏನನ್ನೂ ಹಾಗೆ ಕೇಳಿದವನಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ತಡೆ ತೆಗೆದೆ. ವಯಸ್ಸು ಎಪ್ಪತ್ತು ದಾಟಿದವರನ್ನು ಈ ಪ್ರಶ್ನೆ ಕೇಳಬಾರದೆಂಬ ನಿಯಮವನ್ನು ನಾನು ಬರೆದಿರಲಿಲ್ಲ. ಅದನ್ನೂ ಬರೆದೆ. ಹೆರಿಗೆ ವಿಭಾಗಕ್ಕೆ ಹೋದ ಹೆಸರನ್ನು ವಾಪಸ್ಸು ತರಿಸಬೇಕೆಂದು ಮನಸ್ಸಿನಲ್ಲಿ ಬರೆದುಕೊಂಡೆ. ಮನಸ್ಸಿನಲ್ಲಿ! ಯಂತ್ರವಾಗಿದ್ದರೆ ಮರೆಯುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅಪ್ಪ ಆಯಿಯನ್ನು ಕಾರಿನಲ್ಲಿ ಹಿಂದವಾಡಿಯ ನನ್ನ ಮನೆಗೆ ಕರೆತಂದ. ಔಷಧ ಕುಡಿದ ಮೇಲೆ ಖಾನಾಪುರದಿಂದ ಬೆಳಗಾವಿಯವರೆಗೆ ಕಾರಿನಲ್ಲಿ ಬರುವ ಧೈರ್ಯ ಯಾರಿಗೂ ಇರಬಾರದು. ಆ ದಿನವಿಡೀ ನೀರು, ಎಳನೀರು, ಸೋಸಿದ ಸರಬತ್ತು ಬಿಟ್ಟು ಬೇರೇನೂ ಇಲ್ಲ. ಈ ಕಠಿಣ ಉಪವಾಸಕ್ಕೆ ರೋಗಿಯ ಮನಸ್ಸನ್ನು ಗಟ್ಟಿ ಮಾಡಲು ನಾನು ವಿಶೇಷ ಮೆಸೇಜೊಂದನ್ನು ಬರೆದಿದ್ದೆ. ಅದು ಆಯಿ ಮೆಟ್ಟಿಲು ಹತ್ತಿ ಬಂದು ಕೂರುವಷ್ಟರಲ್ಲಿ ಬಂತು.

“ಇಂದು ನಿಮಗೆ ಹಸಿವಾಗಬಹುದು. ಧೈರ್ಯಗೆಡಬೇಡಿ. ನಾವು ನಿಮ್ಮ ಜೊತೆಗಿದ್ದೇವೆ.”

“ಯಾಕ?” ಎಂದಳು ಆಯಿ ಫೋನಿಗೆ. ಆಮೇಲೆ ನನ್ನನ್ನು ನೋಡಿ, “ಎಳನೀರ ಕುಡಕೋತ, ಸರಬತ್ತ ಕುಡಕೋತ ಮಾಡೂದು ಉಪವಾಸೇನ ತಂಗೀ? ದಶಲಕ್ಷಣ ಹಬ್ಬದಾಗ ನಾವು ಹನಿ ನೀರಿಲ್ಲದ ಮಾಡತೇವಿ. ಆಗ ನಮ್ಮ ಜೊತಿ ಯಾರಿರತಾರ?” ಎಂದಳು.

ನನ್ನ ವ್ಯವಸ್ಥೆ ಜನರಿಗೆ ಹಸಿಯುವುದನ್ನು ಕಲಿಸಲು ಹುಟ್ಟಿದ್ದು. ಎದುರಿಗೆ ಕುಳಿತವಳು ಅದರಲ್ಲಿ ಪಂಡಿತೆ. ಈ ಸಲ ಏನೂ ತಪ್ಪುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಔಷಧದ ಪುಡಿಯನ್ನು ದೊಡ್ಡ ತಂಬಿಗೆಯಲ್ಲಿ, ಕಾಸಿ ಸೋಸಿದ ನೀರಿನಲ್ಲಿ ಕದಡಿ ಸಿದ್ಧಮಾಡಿಟ್ಟೆ. ಆಯಿ ಕಿಟಕಿಯ ಹತ್ತಿರ ಕುಳಿತು, ಆಕಾಶವನ್ನು ನೋಡಿ, ಒಂದು ಲೋಟ ನೀರು ಕುಡಿದು, ಬಾಯಿ ಮುಕ್ಕಳಿಸಿ, ಕೈ ಮುಗಿದಳು.

ಅದನ್ನು ನಾನು ನೋಡಿದೆ. ಚಿಕ್ಕಂದಿನಿಂದ ದಿನವೂ ನೋಡಿದ್ದೇನೆ. ಆದರೂ ನನ್ನ ತಲೆಯಲ್ಲಿ ಯಾವ ಗಂಟೆಯೂ ಬಾರಿಸಲಿಲ್ಲ.

ಏಳಕ್ಕೆ ಫೋನು ಬಾರಿಸಿತು.

“ಈಗ ಔಷಧದ ಮೊದಲ ಭಾಗವನ್ನು ಕುಡಿಯಿರಿ. ಕುಡಿದಿರಾ? ಹೌದು ಎಂದಾದರೆ ಒಂದು ಒತ್ತಿ.”

ನಾನು ತಂಬಿಗೆ ಎತ್ತಿಕೊಂಡು ಹೋದೆ. ಆಯಿ ನನ್ನನ್ನು ಅಪರಿಚಿತಳನ್ನು ನೋಡುವಂತೆ ನೋಡಿದಳು.

“ಹೊತ್ತ ಮುಣಗೇತಿ.”

ಎರಡೇ ಶಬ್ದ. ತಂಬಿಗೆಯನ್ನು ಕೆಳಗಿಟ್ಟೆ. ಹೊತ್ತು ಮುಳುಗಿದ ಮೇಲೆ ಆಯಿ ಏನನ್ನೂ ಬಾಯಿಗೆ ಹಾಕುವುದಿಲ್ಲ. ಅನ್ನವಿಲ್ಲ, ಹಣ್ಣಿಲ್ಲ, ನೀರಿನ ಹನಿಯೂ ಇಲ್ಲ. ನನ್ನ ಅಪ್ಪ ಹುಟ್ಟುವ ಮೊದಲಿನಿಂದಲೂ ಇಲ್ಲ. ನಾವೆಲ್ಲ ಸಡಿಲಾಗಿದ್ದೇವೆ, ನಾನಂತೂ ಹಿಂದವಾಡಿಯ ಗಾಡಿಗಳ ಮುಂದೆ ಯಾವ ಹೊತ್ತಿಗೆ ಏನು ತಿನ್ನುತ್ತೇನೆಂದು ಇಲ್ಲಿ ಹೇಳುವ ಅಗತ್ಯವಿಲ್ಲ. ಆದರೆ ಆಯಿ ಆಯಿಯೇ. ಜಿಲ್ಲೆಯಲ್ಲಿ ನಮ್ಮಂಥ ಎಷ್ಟೋ ಮನೆಗಳಿವೆ, ಎಷ್ಟೋ ಆಯಿಗಳಿದ್ದಾರೆ. ಅವರೆಲ್ಲರಿಗೂ ಸಂಜೆ ಏಳಕ್ಕೆ ಔಷಧ ಕುಡಿಯಿರಿ ಎಂದು ಆಜ್ಞೆ ಹೊರಡಿಸಿ, ಆ ಸಮಯವನ್ನು ಎಷ್ಟು ವಿಚಾರ ಮಾಡಿ ಆರಿಸಿದೆನೆಂದು ಸಭೆಯಲ್ಲಿ ವಿವರಿಸಿ ಬಂದಿದ್ದೆ!

“ಆಯಿ, ಇದು ನೀರಲ್ಲ. ಔಷಧ.”

“ನೀರಾಗ ಕದಡೀಯಲ್ಲ?”

“ದವಾಖಾನಿ ಔಷಧ ನಡೀತೈತಂತ ನಮ್ಮವರೂ ಹೇಳತಾರ ಆಯಿ.”

“ಹೇಳಲಿ. ಅವರ ನೇಮ ಅವರದು. ನನ್ನ ನೇಮ ನಾ ಯಾರಿಗೂ ಕೇಳಿ ತಗೊಂಡಿಲ್ಲ.”

ಇಲ್ಲಿ ನಮ್ಮ ಸಂಭಾಷಣೆಗೆ ಫೋನು ಕೈಜೋಡಿಸಿತು. ರೋಗಿ ಉತ್ತರಿಸದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ವಿನಯದಿಂದ ನೆನಪಿಸಬೇಕು, ಆಮೇಲೆ ಸ್ವಲ್ಪ ಕಡಿಮೆ ವಿನಯದಿಂದ ನೆನಪಿಸಬೇಕು, ಅದಕ್ಕೂ ಉತ್ತರ ಬಾರದಿದ್ದರೆ ಆ ರೋಗಿಯ ಸಮಯವನ್ನು ಕಾಯುತ್ತಿರುವ ಮುಂದಿನವರಿಗೆ ಕೊಟ್ಟುಬಿಡಬೇಕು. ಈ ನಿರ್ದಾಕ್ಷಿಣ್ಯವಾದ, ಸುಂದರವಾದ ನಿಯಮವೂ ನನ್ನದೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

“ನೀವು ಇನ್ನೂ ಉತ್ತರಿಸಿಲ್ಲ. ಔಷಧ ಕುಡಿದಿರಾ?”

ಅಪ್ಪ ಬೆರಳನ್ನು ಫೋನಿನ ಮೇಲೆ ತಂದ. “ಒತ್ತಲೇನು?”

“ಒತ್ತಬ್ಯಾಡ!”

“ಗಿರಾಕಿ ಹಿಂಗ ನಿಂತ ಕೇಳಾಕತ್ತರ ಎಷ್ಟೊತ್ತ ಸುಮ್ಮ ಕುಂದರೂದು? ಒಂದ ಒತ್ತಿದ್ರ ನಾಳಿನ ವೇಳೆ ಉಳೀತೈತಿ. ಮುಂದಿಂದ ಮುಂದ ನೋಡೂಣಂತ.”

ಒಂದು ಒತ್ತಿದರೆ ಸಮಯ ಉಳಿಯುತ್ತದೆ, ಸಿದ್ಧತೆ ಇರುವುದಿಲ್ಲ; ನಾಳೆ ಮತ್ತೆ ವಾಪಸ್ಸು. ಎರಡು ಒತ್ತಿದರೂ, ಏನೂ ಒತ್ತದಿದ್ದರೂ ಸಮಯವೇ ಹೋಗುತ್ತದೆ. ಎರಡೂ ದಾರಿಯ ಕೊನೆಯಲ್ಲಿ ಆಯಿಯ ‘ಒಮ್ಮೆ ಅಷ್ಟ’ ನಿಂತಿತ್ತು. ಅದರ ಹಿಂದೆ ಅಂಗಡಿಯಲ್ಲಿ ಕಂಡ ಆ ಬಿಳಿಚಿದ ತುಟಿ.

“ಸುಳ್ಳ ಒತ್ತಬ್ಯಾಡಪಾ,” ಎಂದಳು ಆಯಿ ಶಾಂತವಾಗಿ. “ಆಕಿ ಪಾಪ, ನಂಬಿ ಕೇಳಾಕತ್ತಾಳ.”

ಫೋನಿನ ದನಿಯ ಮೇಲೆ ಆಯಿಗೆ ಅಷ್ಟರಲ್ಲೇ ಮಮತೆ ಹುಟ್ಟಿತ್ತು.

ಮೂರನೆಯ ಮೆಸೇಜು ಬಂತು. “ಉತ್ತರ ಬಾರದ ಕಾರಣ ನಾಳೆಯ ನಿಮ್ಮ ಸಮಯವನ್ನು ರದ್ದುಪಡಿಸಲಾಗಿದೆ. ಶುಭ ಸಂಜೆ.”

“ಹೋಗೂ ಮುಂದ ಶುಭ ಅಂದಳು ನೋಡು,” ಎಂದಳು ಆಯಿ. “ಸಂಸ್ಕಾರದ ಹುಡುಗಿ.”

ಅಪ್ಪ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ. ಆ ಸಣ್ಣ ಶಬ್ದ ಉರುಳಿದ ತಾಟುಗಳ ಶಬ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

ಇನ್ನು ಉಳಿದಿದ್ದು ಒಂದೇ ಉಪಾಯ. ಅದು ನನ್ನ ಪಾಲಿಗೆ ಭೇದಿಯ ಔಷಧಕ್ಕಿಂತ ಕಹಿಯಾದದ್ದು. ಜೀವಂತ ಮನುಷ್ಯರೊಬ್ಬರಿಗೆ ಫೋನು ಮಾಡಿ ಬಾಯಿಬಿಟ್ಟು ಮಾತಾಡುವುದು! ಪರೀಕ್ಷೆ ಮಾಡುವ ಡಾಕ್ಟರ್ ಮೇಡಂ ನಂಬರು ನನ್ನ ಹತ್ತಿರ ಮೊದಲಿನಿಂದಲೂ ಇತ್ತು. ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಮನೆಯ ಹೊರಗಿನ ಗ್ಯಾಲರಿಗೆ ಹೋಗಿ, ಏನೇನು ಹೇಳಬೇಕೆಂದು ಮನಸ್ಸಿನಲ್ಲಿ ಎರಡೆರಡು ಸಲ ಓದಿಕೊಂಡು, ನಂಬರು ಒತ್ತಿದೆ.

“ಮೇಡಂ, ನಾನು ಮಾಹಿತಿ ವಿಭಾಗದ ಶ್ರುತಿ. ಒಬ್ಬ ರೋಗಿ ಸೂರ್ಯಾಸ್ತದ ನಂತರ ಧಾರ್ಮಿಕ ಕಾರಣಗಳಿಂದ ದ್ರವ ಪದಾರ್ಥವನ್ನು ಸ್ವೀಕರಿಸಲು—”

“ಜೈನರೇನು?”

“ಹೌದ್ರೀ.”

“ಸೂರ್ಯ ಹುಟ್ಟಿದ ಮ್ಯಾಲ ಕುಡೀತಾರಿಲ್ಲೋ?”

“ಕುಡೀತಾರ್ರೀ.”

“ಹಂಗಾದ್ರ ಮುಂಜಾನೆದ್ದು ಎಲ್ಲಾ ಔಷಧ ಕುಡೀಲಿ. ಮಧ್ಯಾಹ್ನ ನನ್ನ ಕೊನೆಯ ಕೇಸಾಗಿ ತಗೋತೇನಿ. ಎಷ್ಟೊತ್ತಿಗೆ ನಿಲ್ಲಿಸಬೇಕಂತ ಬರದ ಕಳಸತೇನಿ. ಇದಕ್ಕ ಇಷ್ಟ್ಯಾಕ ಗಾಬರಿ?”

ಮುಗಿಯಿತು. ನಾನು ತಿಂಗಳುಗಟ್ಟಲೆ ಕಟ್ಟಿದ ಕೋಟೆ ಉರುಳಿದ ಜಾಗದಲ್ಲಿ, ಮನುಷ್ಯರೊಬ್ಬರು ಒಂದು ಉಸಿರಿನಲ್ಲಿ ಬಾಗಿಲು ತೆರೆದು ಕೊಟ್ಟಿದ್ದರು. ಫೋನು ಇಡುವ ಮೊದಲು ಮೇಡಂ ಕೇಳಿದರು.

“ರೋಗಿ ನಿಮಗೇನಾಗಬೇಕು?”

“ನಮ್ಮ ಅಪ್ಪನ ತಾಯಿ ರೀ.”

“ಮತ್ತ, ನಿಮಗ ಗೊತ್ತಿರಲಿಲ್ಲೇನು?”

ಈ ಪ್ರಶ್ನೆಗೆ ಒಂದು ಒತ್ತುವಂತಿರಲಿಲ್ಲ. ಎರಡೂ ಒತ್ತುವಂತಿರಲಿಲ್ಲ.

ಮರುದಿನ ನಸುಕಿನಲ್ಲಿ ಆಯಿ ನನಗಿಂತ ಮೊದಲು ಎದ್ದು ಸ್ನಾನ ಮುಗಿಸಿದ್ದಳು. ದರ್ಶನವಾಗದೆ ನೀರು ಮುಟ್ಟುವುದಿಲ್ಲ. ಅದನ್ನಾದರೂ ಈ ಸಲ ನಾನು ಹಿಂದಿನ ದಿನವೇ ಕೇಳಿ ತಿಳಿದುಕೊಂಡಿದ್ದೆ. ಅಪ್ಪ ಅವಳನ್ನು ಬಸದಿಗೆ ಕರೆದೊಯ್ದು ಬಂದ. ಬಿಸಿಲು ಕಿಟಕಿಯೊಳಗೆ ಬಂದು ಬೀಳುತ್ತಲೇ ಆಯಿ ತಂಬಿಗೆಯ ಮುಂದೆ ಕುಳಿತಳು.

ಆ ಔಷಧವನ್ನು ಕುಡಿಯುವುದು ಸುಲಭವಲ್ಲ. ಉಪ್ಪು, ಸಿಹಿ, ಸಾಬೂನು ಮೂರೂ ಸೇರಿದ ರುಚಿ. ಎಂಥೆಂಥ ಗಟ್ಟಿ ಆಳುಗಳು ಅರ್ಧಕ್ಕೇ ಕೈ ಎತ್ತಿದ್ದಾರೆಂದು ನನ್ನ ಅಂಕಿಅಂಶ ಹೇಳುತ್ತದೆ. ಆಯಿ ಲೋಟ ಎತ್ತಿದಳು, ಕುಡಿದಳು, ಇಟ್ಟಳು. ಹೇಳಿದಷ್ಟು ಹೊತ್ತು ಕಾದಳು. ಮತ್ತೆ ಎತ್ತಿದಳು. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಬೆಟ್ಟ ನೀರು ಕುಡಿಯುವುದನ್ನು ನೋಡಿದಂತಿತ್ತು. ಪಕ್ಕದಲ್ಲಿ ಕುಳಿತ ಅಪ್ಪ ವಾಸನೆಗೇ ಮುಖ ಕಿವುಚಿಕೊಂಡಿದ್ದ. ಯಾರೂ ಅವಳಿಗೆ ಧೈರ್ಯ ಹೇಳಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು?

ಅಷ್ಟರಲ್ಲಿ ಔಷಧ ತನ್ನ ಕೆಲಸ ಶುರುಮಾಡಿತು. ಆಯಿ ಬಚ್ಚಲುಮನೆಯೊಳಗಿದ್ದಾಗ ಸರಿಯಾಗಿ ಫೋನು ಮಾತಾಡಿತು. ಸಮಯ ಬದಲಾಗಿದ್ದು ರಾತ್ರಿಯೇ ವ್ಯವಸ್ಥೆಗೆ ಹೋಗಿತ್ತು. ನಾನು ಒಂದು ಇಡೀ ದಿನ ತೆಗೆದುಕೊಂಡು ಕೆತ್ತಿದ್ದೆನಲ್ಲ, ಅದೇ ಮೆಸೇಜು.

“ನಿಮ್ಮ ಮಲವು ತಿಳಿ ಹಳದಿ ನೀರಿನಂತೆ ಆಗಿದೆಯೇ?”

ನಾನು ಗೋಡೆಯ ಕಡೆ ಮುಖ ಮಾಡಿದೆ. ಅಪ್ಪ ಚಾವಣಿಯ ಕಡೆ ನೋಡಿದ. ಬಾಗಿಲ ಹಿಂದಿನಿಂದ ಆಯಿಯ ದನಿ ಹಿಂದವಾಡಿಯ ನಾಲ್ಕೂ ದಿಕ್ಕಿಗೆ ಕೇಳುವಂತೆ ಮೊಳಗಿತು.

“ಇನ್ನೂ ಒಂದೀಟ ಗಾಢ ಐತಿ ಅಂತ ಹೇಳ್ರಿ ಆಕಿಗೆ! ಎರಡ ಒತ್ತ್ರಿ!”

ಸ್ವಲ್ಪ ಹೊತ್ತಿನ ನಂತರ ಕೆಳಗಿನ ಮನೆಯ ಮಾಲಕಿ ಬಾಯಿ ಮೆಟ್ಟಿಲ ಬುಡದಲ್ಲಿ ನಿಂತು, “ಈಗ ಹೆಂಗ ಐತ್ರೀ ಬಣ್ಣ?” ಎಂದು ವಿಚಾರಿಸಿದರು. ಅವರೂ ನಾನೂ ಒಂದೇ ಗೇಟಿನಲ್ಲಿ ಹೋಗಿಬಂದು ಮಾಡುತ್ತ ವರ್ಷಗಳಾಗಿದ್ದವು. ಇದು ನಮ್ಮಿಬ್ಬರ ಮೊದಲ ದೀರ್ಘ ಸಂಭಾಷಣೆಗೆ ನಾಂದಿಯಾಯಿತು.

ಮಧ್ಯಾಹ್ನ ಆಯಿಯನ್ನು ಒಳಗೆ ಕರೆದೊಯ್ದರು. ಈ ಸಲ ನಾನು ಕಂಬದ ಮರೆಯಲ್ಲಿ ನಿಲ್ಲಲಿಲ್ಲ. ಅಪ್ಪನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತೆ. ಅಪ್ಪ ಕಿಟಕಿಯನ್ನೇ ನೋಡುತ್ತಿದ್ದ. ಹೊತ್ತು ಇಳಿಯುತ್ತಿತ್ತು. ಮುಳುಗುವ ಮೊದಲು ಆಯಿಗೆ ಎಚ್ಚರವಾಗಿ ಒಂದಿಷ್ಟು ಹೊಟ್ಟೆಗೆ ಹೋಗದಿದ್ದರೆ ಮತ್ತೆ ನಾಳೆ ಬೆಳಗಿನವರೆಗೆ ಉಪವಾಸ. ಸುದ್ದಿ ಒಳಗೂ ಹೋಗಿತ್ತೆಂದು ಕಾಣುತ್ತದೆ. ನರ್ಸ್ ಹೊರಗೆ ಬಂದಾಗೊಮ್ಮೆ ನಮ್ಮನ್ನು ನೋಡುವ ಮೊದಲು ಕಿಟಕಿಯನ್ನು ನೋಡುತ್ತಿದ್ದಳು.

ಡಾಕ್ಟರ್ ಮೇಡಂ ಬಂದರು. ಕರುಳಿನಲ್ಲಿ ಒಂದು ಸಣ್ಣ ಗಂಟು ಇತ್ತಂತೆ. ಅಲ್ಲಿಂದಲೇ ರಕ್ತ ಸೋರುತ್ತಿತ್ತು. ಅದನ್ನು ಅಲ್ಲೇ ತೆಗೆದು ತಪಾಸಣೆಗೆ ಕಳಿಸಿದ್ದರು. ನೋಡಿದರೆ ಹೆದರುವಂಥದ್ದೇನೂ ಅನ್ನಿಸುವುದಿಲ್ಲ ಎಂದರು. ಮುಂದೆ ತಪಾಸಣೆಯ ವರದಿಯೂ ಹಾಗೆಯೇ ಬಂತು. “ಇಷ್ಟ ಸ್ವಚ್ಛ ತಯಾರಿ ಮಾಡಿಕೊಂಡ ಬಂದವರನ್ನ ನಾ ಬಹಳ ಮಂದಿ ನೋಡಿಲ್ಲ,” ಎಂದವರು ನನ್ನ ಕಡೆ ತಿರುಗಿ, “ನಿಮ್ಮ ಮೆಸೇಜಿಂದಲ್ಲ ಮತ್ತ,” ಎಂದು ನಕ್ಕರು.

ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಆಯಿ ಕುಳಿತು ಮೆತ್ತಗಿನ ಮಜ್ಜಿಗೆ ಅನ್ನ ಉಂಡಳು. ಅಪ್ಪ ತುತ್ತು ತುತ್ತಿಗೂ ಹೊರಗೆ ನೋಡಿ “ಐತಿ, ಐತಿ, ಇನ್ನೂ ಐತಿ,” ಎನ್ನುತ್ತಿದ್ದ. ಆ ದಿನ ಅವನ ಬಾಯಿಂದ ‘ಇಲ್ಲ’ ಬರಲಿಲ್ಲ.

ನಾನು ಆಫೀಸಿಗೆ ಹೋಗಿ ಮೊದಲ ಮೆಸೇಜನ್ನು ಹೊಸದಾಗಿ ಬರೆದೆ. ಈಗ ಅದು ಯಾವ ಆಜ್ಞೆಯನ್ನೂ ಕೊಡುವುದಿಲ್ಲ. ನೀವು ಯಾವ ಹೊತ್ತಿಗೆ ಉಣ್ಣುವುದಿಲ್ಲ, ಏನನ್ನು ಮುಟ್ಟುವುದಿಲ್ಲ ಎಂದು ಕೇಳಿ, ಮಾತಾಡಲು ಮನುಷ್ಯರೊಬ್ಬರ ನಂಬರು ಕೊಡುತ್ತದೆ. ಆ ಮನುಷ್ಯಜೀವಿ ಸದ್ಯಕ್ಕೆ ನಾನೇ. ಶಿಕ್ಷೆಯೆಂದೇ ತಿಳಿಯಿರಿ. ದಿನವೂ ನಾಲ್ಕಾರು ಆಯಿಗಳ ಜೊತೆ ಮಾತಾಡುತ್ತೇನೆ. ಅವರು ಬಣ್ಣವನ್ನೂ ಹೇಳುತ್ತಾರೆ.

ಕೆಲವು ವಾರಗಳ ನಂತರ ಖಾನಾಪುರಕ್ಕೆ ಹೋಗಿದ್ದೆ. ಆಯಿ ಬಸದಿಯ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತಿ ಬಂದು, ಅಂಗಡಿಯ ಕುರ್ಚಿಯಲ್ಲಿ ಕುಳಿತಿದ್ದಳು. ತುಟಿಗೆ ಬಣ್ಣ ಬಂದಿತ್ತು. ಆಗ ಅಪ್ಪನ ಫೋನು ಮಾತಾಡಿತು.

“ನಮಸ್ಕಾರ ತಾಯಿ. ಇಂದಿನ ಕಬ್ಬಿಣದ ಮಾತ್ರೆ ತೆಗೆದುಕೊಂಡಿರಾ? ಭಾರ ಎತ್ತಬೇಡಿ. ರಾತ್ರಿಯ ಊಟವನ್ನು ಆದಷ್ಟು ಬೇಗ, ಬೆಳಕಿರುವಾಗಲೇ ಮುಗಿಸಿ.”

“ಹೂಂ, ತಗೊಂಡೇನಿ,” ಎಂದಳು ಆಯಿ. “ಒತ್ತಪಾ, ಒಂದ ಒತ್ತು.”

ಮನಸ್ಸಿನಲ್ಲಿ ಬರೆದುಕೊಂಡದ್ದು ಮನಸ್ಸಿನಲ್ಲೇ ಉಳಿದಿತ್ತು! “ಆಯಿ, ಇದು ನಿನ್ನ ಮೆಸೇಜ ಅಲ್ಲ. ಬಸುರಿ ಹೆಣ್ಣಮಕ್ಕಳಿಗೆ ಬರೂದು. ನಾಳಿ ಹೋಗಿ ತಗಸತೇನಿ.”

“ತಗಸಿದ್ರ ನೋಡ ಮತ್ತ!” ಆಯಿ ಸೆರಗು ಕೊಡವಿ ನೆಟ್ಟಗೆ ಕುಳಿತಳು. “ಡಾಕ್ಟರ್ ಬಾಯಿ ನನಗ ಅವ ಗುಳಿಗಿ ಕೊಟ್ಟಾಳ. ಈಕಿ ದಿನಾ ನೆನಪ ಮಾಡತಾಳ. ಬೆಳಕಿದ್ದಾಗ ಉಣ್ಣು ಅಂತಾಳ. ಬಟಾಟಿ ತಿನ್ನು ಅಂತ ಒಮ್ಮೆರ ಅಂದಾಳೇನು? ಇದನ್ನ ಬರದಾಕಿ ಯಾರು?”

“ನಮ್ಮ ಆಫೀಸಿನಾಗ ಬಾಜುಕ ಕುಂದ್ರತಾಳ, ಒಬ್ಬಾಕಿ.”

“ಶಾಣ್ಯಾಕಿ ಅದಾಳ. ಮನಿ ಹಿರೇರ ಕೂಡ ಕುಂತ ಮಾತಾಡಿ ಬರದಂಗ ಐತಿ.” ಆಯಿ ನನ್ನ ಗಲ್ಲ ಸವರಿದಳು. “ನೀನೂ ಒಂದಿಷ್ಟ ಆಕಿ ಕಡಿಂದ ಕಲತಗೋ ತಂಗೀ. ನೀನೂ ಬರೀತಿ, ಆದ್ರ ಆಕಿ ಹಂಗ ಅಲ್ಲ.”

ಹೀಗಾಗಿ ಮೆಸೇಜು ಇನ್ನೂ ಬರುತ್ತಿದೆ. ಯಂತ್ರ ಮರೆಯುವುದಿಲ್ಲ. ಅದು ಆಯಿಯ ಹೆರಿಗೆಯ ದಿನಾಂಕವನ್ನೂ ಗೊತ್ತುಮಾಡಿಟ್ಟಿದೆ. ಖಾನಾಪುರದ ಪೇಟೆಯವರು ಗಿರಾಕಿಗಳಿಗೆಲ್ಲ ಹೇಳಿಟ್ಟಿದ್ದಾರೆ. ಗುಂಜಿಯವರು ಬರುವುದಾಗಿ ಮಾತು ಕೊಟ್ಟಿದ್ದಾರೆ.

ನಾನು ಆ ದಿನಕ್ಕೆ ಈಗಲೇ ರಜೆ ಹಾಕಿದ್ದೇನೆ.